ಬಾಗಿಲಿಗೊಂದು ತುರುಬು

ಕುಣಿಗಲ್ ದಾರಿಯ ಹೋಟೆಲ್ ಮುಂದೆ ಬಸ್ಸು ನಿಂತಾಗ ನನಗೆ ಉಚ್ಚೆ ಕಟ್ಟಿ ಕಿಬ್ಬೊಟ್ಟೆ ನೋಯುತ್ತಿತ್ತು. ಹಿಂದೊಮ್ಮೆ ಬೇರೆ ಕಡೆ ಬೋರ್ಡು ಓದಲಾಗದೆ ಗಂಡಸರ ಕಕ್ಕಸಿಗೆ ನುಗ್ಗಿ ಬೈಸಿಕೊಂಡವಳು ನಾನು. ಇಲ್ಲಿ ನೋಡಿದರೆ ಎರಡು ಬಾಗಿಲಿಗೂ ತೆಂಗಿನ ಚಿಪ್ಪಿನ ಮುಖ! ಒಂದಕ್ಕೆ ನಾರಿನ ಹುರಿಮೀಸೆ, ಇನ್ನೊಂದಕ್ಕೆ ನಾರಿನ ತುರುಬು, ಹಣೆಗೆ ಕುಂಕುಮ. ಯಾರನ್ನೂ ಕೇಳದೆ ಒಳಗೆ ಹೋದೆ.

ಹೊರಗೆ ಬಂದು ಹೋಟೆಲಿನವನನ್ನು ಹಿಡಿದೆ. "ಯಾರ್ಲಾ ಮಗಾ ಮಾಡಿದ್ದು? ಭೇಷ್ ಕಣ್ಲಾ!"

"ನನ್ ಹೆಂಡ್ತಿ ಕಣಜ್ಜಿ. ನನ್ ಮೀಸೆನೇ ನೋಡ್ಕೊಂಡ್ ಮಾಡವ್ಳೆ."

ಕಂಡಕ್ಟರ್ ಸೀಟಿ ಊದಿದ. ನಾನು ಬಸ್ಸು ಹತ್ತಿದವಳೇ ಹೆಂಗಸರ ಕಡೆ ಕೂಗಿದೆ: "ಏನ್ರಮ್ಮಾ, ಬಿಗಿಹಿಡ್ಕೊಂಡ್ ಕೂತಿದೀರಾ? ತುರುಬಿನ ಬಾಗ್ಲು ನಮ್ದು, ಕ್ಲೀನಾಗೈತೆ, ಹೋಗ್ರೇ!"

ಎಲ್ಲರೂ ದಡದಡ ಇಳಿದರು. ಡ್ರೈವರ್ ಇಂಜಿನ್ ಆಫ್ ಮಾಡಿದ.