ತಂಗಿಯ ಬೆರಳಿನ ಮೇಲೆ ಕಟ್ಟಿದ ಗೂಡು

ನನಗೆ ಪವಾಡದ ಕಥೆಗಳೆಂದರೆ ಆಗುವುದಿಲ್ಲ. ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ದೃಷ್ಟಿ, ದೋಷ, ದೇವರ ಅಪ್ಪಣೆ ಎಂದು ಯಾರಾದರೂ ಬಾಯಿ ತೆರೆದರೆ ಬೈದೇ ಕಳಿಸುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಮೂರು ವರ್ಷವಾದರೂ ಸಿಟ್ಟು ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತಂಗಿ ಮಂಜುಳಾಗೆ ಚಿಕ್ಕಂದಿನಿಂದ ಎಡಗೈ ತುಂಬ ಗಂಟುಗಳು. ಕೆಲವು ಮೂಳೆಯೊಳಗಿಂದಲೇ ಎದ್ದ ಗಟ್ಟಿ ಗಂಟುಗಳು, ಕೆಲವು ಚರ್ಮದಡಿಯ ನೀಲಿ ಉಬ್ಬುಗಳು. ಒತ್ತಿದರೆ ಕುಗ್ಗುತ್ತವೆ, ಬಿಟ್ಟರೆ ಮತ್ತೆ ರಕ್ತ ತುಂಬಿಕೊಳ್ಳುತ್ತವೆ. ನಾಗದೋಷ ಎಂದು ಊರು ತೀರ್ಪು ಕೊಟ್ಟಿತು. ಹೆಣ್ಣು ನೋಡಲು ಬಂದವರು ಕೈ ನೋಡಿ ಎದ್ದು ಹೋದರು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಅದಕ್ಕೆ ಮಫೂಚಿ ಸಿಂಡ್ರೋಮ್ ಎಂದು ಹೆಸರು ಹೇಳಿದರು. ತೀರಾ ಅಪರೂಪದ ಕಾಯಿಲೆ, ಯಾರ ಶಾಪವೂ ಅಲ್ಲ, ಅಂಟುವುದೂ ಇಲ್ಲ ಎಂದರು. ಆದರೆ ಯಾವುದೇ ಗಂಟು ಬೆಳೆಯತೊಡಗಿದರೆ, ನೋಯತೊಡಗಿದರೆ ತಡಮಾಡಬೇಡಿ, ಕ್ಯಾನ್ಸರಿಗೆ ತಿರುಗಬಹುದು ಎಂದು ನನ್ನ ಮುಖ ನೋಡಿಯೇ ಹೇಳಿದ್ದರು.

ಸಾದಲಿ ಹತ್ತಿರದ ನಮ್ಮೂರಲ್ಲಿ ಮಂಜುಳಾ ಅತ್ತೆಯ ಜೊತೆ ರೇಷ್ಮೆಹುಳು ಸಾಕುತ್ತಾಳೆ. ಅತ್ತೆ ಎಂದರೆ ಅಪ್ಪನ ಅಕ್ಕ, ಅಪ್ಪ ಅಮ್ಮ ಹೋದ ಮೇಲೆ ನಮ್ಮನ್ನು ಬೆಳೆಸಿದವಳು. ಹುಳುವಿನ ಮನೆಯಲ್ಲಿ ಅವಳದೇ ಕಾನೂನು. ಹುಳು ಇರುವಾಗ ಊದುಬತ್ತಿ ಹಚ್ಚುವ ಹಾಗಿಲ್ಲ, ಮೈಗೆ ನೋವಿನ ಮುಲಾಮು ಸವರುವ ಹಾಗಿಲ್ಲ, ಆಸ್ಪತ್ರೆಗೆ ಹೋಗಿಬಂದವರು ಒಳಗೆ ಕಾಲಿಡುವ ಹಾಗಿಲ್ಲ. ಆ ವರ್ಷ ಯುಗಾದಿ ಹೊತ್ತಿಗೆ ಮಂಜುಳಾಳ ಉಂಗುರಬೆರಳಿನ ಬುಡದ ಗಂಟು ನೋಯತೊಡಗಿತು. "ಈ ಬೆಳೆ ಮುಗೀಲಿ ಕಣೇ, ಹೋಗಣ" ಅಂದಳು ಅತ್ತೆ. ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಮರಿಹುಳು ಬಂದಿರುತ್ತಿದ್ದವು. ಮಂಜುಳಾ ಫೋನಿನಲ್ಲಿ ನನಗೂ ಹೇಳಿದಳು. ನನಗೆ ಪರೀಕ್ಷೆ, ಪೇಪರು ತಿದ್ದುವ ಕೆಲಸ. "ಬೆಳೆ ಮುಗೀಲಿ ಕಣಮ್ಮ, ಬರ್ತೀನಿ" ಅಂದೆ. ಡಾಕ್ಟರ ಮಾತು ಗೊತ್ತಿದ್ದ ನಾನೇ ಹೀಗಂದೆ.

ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ಊರಿಗೆ ಹೋದೆ. ಹುಳುಗಳು ಹಣ್ಣಾಗಿದ್ದವು. ಹಣ್ಣಾದ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅವನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಎರಡು ದಿನದಿಂದ ನಿದ್ದೆಗೆಟ್ಟಿದ್ದ ಮಂಜುಳಾ ಚಂದ್ರಿಕೆಯ ಮೇಲೆ ಎಡಗೈ ಚಾಚಿ ಕೂತಲ್ಲೇ ತೂಕಡಿಸುತ್ತಿದ್ದಳು. ಎಬ್ಬಿಸಲು ಹೋದವಳು ಹಾಗೇ ನಿಂತೆ. ಐದು ಹುಳುಗಳು ಅವಳ ಕೈಮೇಲಿದ್ದವು. ಐದೂ ಉಂಗುರಬೆರಳಿನ ಬುಡದ ಗಂಟನ್ನು ಸುತ್ತುವರಿದು, ತಲೆ ಅತ್ತಿತ್ತ ಆಡಿಸುತ್ತ ನೂಲು ಬಿಡುತ್ತಿದ್ದವು. ಗಂಟಿನ ಮೇಲೆ ತೆಳ್ಳಗೆ ಹಳದಿ ಪೊರೆ ಕಟ್ಟಿತ್ತು. ಬೇರೆ ಗಂಟುಗಳ ಮೇಲೆ ಒಂದೆಳೆಯೂ ಇರಲಿಲ್ಲ.

ಹಣ್ಣಾದ ಹುಳು ಸಂದಿ ಸಿಕ್ಕಲ್ಲಿ ಗೂಡು ಕಟ್ಟುತ್ತದೆ, ಅದರಲ್ಲೇನು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಒಂದು ಹುಳು ತೆಗೆದು ಅವಳ ಹೆಬ್ಬೆರಳಿನ ಗಂಟಿನ ಮೇಲೆ ಬಿಟ್ಟೆ. ತೆವಳಿಕೊಂಡು ಮತ್ತೆ ಅಲ್ಲಿಗೇ ಹೋಯಿತು. ಬೇರೆ ಹುಳು ತಂದೆ, ಅಂಗೈ ಮೇಲೆ ಬಿಟ್ಟೆ, ಮಣಿಕಟ್ಟಿನ ಮೇಲೆ ಬಿಟ್ಟೆ, ಕೈ ತಿರುಗಿಸಿ ಇಟ್ಟು ನೋಡಿದೆ. ಎಂಟು ಸಲ ಬಿಟ್ಟೆ, ಎಂಟು ಸಲವೂ ಅಲ್ಲಿಗೇ. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

ಅಷ್ಟರಲ್ಲಿ ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದ ಅತ್ತೆ ಇದನ್ನು ನೋಡಿದಳು. "ಅಯ್ಯೋ ತಾಯೀ!" ಎಂದು ಗಲ್ಲ ಗಲ್ಲ ಬಡಿದುಕೊಂಡಳು. "ದೇವ್ರು ಬಂದವ್ನೆ ಕಣೇ ಇವ್ಳ ಕೈಗೆ. ಅರಿಶಿನ ಕುಂಕುಮ ತಾ!"

ನನಗೆ ಎಲ್ಲಿತ್ತೋ ಸಿಟ್ಟು. "ಅರಿಶಿನಾನೂ ಬೇಡ, ಮಣ್ಣಾಂಗಟ್ಟಿನೂ ಬೇಡ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಹಣ್ಣಾದ ಹುಳ ಬಿಟ್ಟು ಹೋಗ್ತಾರೇನೇ ಯಾರಾದ್ರೂ? ಎರಡು ದಿನ ತಡ್ಕೋ."

"ಹುಳ ಹಾಳಾಗಿ ಹೋಗ್ಲಿ!" ಅಂದೆ. ಆ ಮನೆಯಲ್ಲಿ ಯಾರೂ ಆಡದ ಮಾತದು. ಅತ್ತೆ ಗೋಡೆಗೆ ಒರಗಿದಳು.

ಆಟೋದಲ್ಲಿ ಶಿಡ್ಲಘಟ್ಟ, ಅಲ್ಲಿಂದ ಬಸ್ಸಿನಲ್ಲಿ ಬೆಂಗಳೂರು. ಸ್ಕ್ಯಾನ್ ಮಾಡಿದರು, ಗಂಟುಗಳಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೈಯಲ್ಲಿದ್ದ ಹನ್ನೊಂದು ಗಂಟುಗಳಲ್ಲಿ ಕ್ಯಾನ್ಸರಿಗೆ ತಿರುಗಿದ್ದು ಅದೊಂದೇ. ಬೆರಳನ್ನು ಬುಡಸಮೇತ ತೆಗೆದರು. ಜೀವಕ್ಕೆ ಭಯವಿಲ್ಲ, ಮೊದಲೇ ಬಂದಿದ್ದರೆ ಬೆರಳೂ ಉಳಿಯುತ್ತಿತ್ತೇನೋ ಎಂದರು.

ಹುಳುವಿಗೆ ಹೇಗೆ ಗೊತ್ತಾಯಿತು? ಬಿಸಿಯೇ, ವಾಸನೆಯೇ? ಡಾಕ್ಟರನ್ನು ಕೇಳಿದೆ, ನಕ್ಕರು. ಹುಳುವಿನ ಬಗ್ಗೆ ಓದಿಕೊಂಡವರನ್ನು ಕೇಳಿದೆ, "ನೀವು ಸೈನ್ಸ್ ಟೀಚರಾ?" ಅಂದರು. ನಾನು ಓದಿದ ಯಾವ ಪುಸ್ತಕದಲ್ಲೂ ಉತ್ತರ ಸಿಗಲಿಲ್ಲ. ಅತ್ತೆ ಮಾತ್ರ ದೇವರೇ ತೋರಿಸಿಕೊಟ್ಟ ಎಂದು ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಕೇಳಿದಾಗೆಲ್ಲ ಮೈಯೆಲ್ಲ ಉರಿಯುತ್ತದೆ.

ಹೋದ ತಿಂಗಳು ಮಂಜುಳಾಳ ಎದುರಿಗೇ ರೇಗಿದೆ. "ದೇವರಂತೆ ದೇವರು! ಆ ಹುಳಕ್ಕೆ ಹೇಗೆ ಗೊತ್ತಾಯ್ತು ಅಂತ ನೀನಾದ್ರೂ ಹೇಳೇ."

ಹುಳುಗಳಿಗೆ ಸೊಪ್ಪು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ನಂಗೇನಕ್ಕ ಗೊತ್ತು?" ಅಂದಳು. "ನಾನು ಬಾಯಿಬಿಟ್ಟು ಹೇಳಿದ್ರೂ ನಿಂಗ್ಯಾಕೆ ಗೊತ್ತಾಗ್ಲಿಲ್ಲ ಅಂತಾನೂ ನಂಗೆ ಗೊತ್ತಿಲ್ಲ."