ಸುಮ್ಮನೆ ನಿಲ್ಲುವ ಎರಡು ಆವರ್ತ

ನೆಟ್ಟಾ ಕ್ರೈಟನ್ ಬ್ಲೇರ್‌ಗೌರಿ ಊರಿನ ಜಾಮ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಿಂತೇ ರಾಸ್ಪ್‌ಬೆರಿ ಆರಿಸಿದವಳು. ಮದುವೆಯಾಗಲಿಲ್ಲ; ಅದಕ್ಕಾಗಿ ಮರುಗಲೂ ಇಲ್ಲ. ಗುರುವಾರ ಸಂಜೆ ಚರ್ಚಿನ ಹಾಲ್‌ನಲ್ಲಿ ನಡೆಯುವ, ಜೋಡಿಗಳು ಸಾಲಾಗಿ ನಿಂತು ಸರದಿಯಂತೆ ಮುಂದಾಳಾಗಿ ಕುಣಿಯುವ ನೃತ್ಯದ ತರಗತಿಯನ್ನು ಮಾತ್ರ ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ ತಾನೇ ಒಂದು ನೃತ್ಯ ಕಟ್ಟಿ, ಅದಕ್ಕೆ 'ಮಡಚುಗಿವಿ' ಎಂದು ಹೆಸರಿಟ್ಟಳು.

ಅದು ಅವಳ ಬೆಕ್ಕು ಟಿಬ್ಬಿಯಿಂದ ಹುಟ್ಟಿದ್ದು. ಆ ಸೀಮೆಯದೇ ತಳಿ. ಕಿವಿಗಳು ಮುಂದಕ್ಕೆ ಮಡಚಿ ತಲೆಗೆ ಅಂಟಿಕೊಂಡಿರುತ್ತವೆ. ಆ ಮುಖಕ್ಕೆ ಲೋಕವೆಲ್ಲ ಮರುಳು. ಕಿವಿಯನ್ನು ಮಡಚಿದ ಹುಟ್ಟುದೋಷವೇ ಕೀಲುಗಳನ್ನೂ ಹಿಡಿಯುತ್ತದೆ ಎಂಬುದು ಯಾರಿಗೂ ಬೇಡ. ಟಿಬ್ಬಿ ಕುರ್ಚಿಗೆ ಹಾರುವ ಮೊದಲು ನೋವನ್ನು ಅಳೆಯುವಂತೆ ಗಳಿಗೆ ಹೊತ್ತು ನಿಲ್ಲುತ್ತಿತ್ತು. ನೃತ್ಯದಲ್ಲೂ ಹಾಗೆಯೇ: ಸಾಲಿನ ಮೂಲೆಗಳಲ್ಲಿ ನಿಂತವರು ಕಿವಿಯಂತೆ ಒಳಕ್ಕೆ ಮಡಚಿಕೊಂಡ ಮೇಲೆ ಮುಂದಾಳು ಜೋಡಿ ತಾಳದ ಎರಡು ಆವರ್ತ ಅಲುಗದೆ ನಿಲ್ಲಬೇಕು.

ನೃತ್ಯ ಸಂಘದ ಸ್ಥಳೀಯ ಶಾಖೆ ನಡೆಸುವ ವಾರ್ಷಿಕ ನೃತ್ಯಕೂಟಕ್ಕೆ ಅದು ಆಯ್ಕೆಯಾಯಿತು. ಹೆಜ್ಜೆಗಳನ್ನು ಅಚ್ಚು ಹಾಕಿದ ಹಾಳೆಯಲ್ಲಿ ವಾಡಿಕೆಯಂತೆ ಕಟ್ಟಿದವಳ ಹೆಸರಿತ್ತು, ನಿಲ್ಲುವ ಆವರ್ತಗಳು ಮಾತ್ರ ಇರಲಿಲ್ಲ.

"ಇದನ್ನ ಯಾರು ತಿದ್ದಿದ್ದು?"

"ನಾನೇ," ಎಂದ ನೃತ್ಯ ಕಲಿಸುವ ಓಗಿಲ್ವಿ. "ಎರಡು ಆವರ್ತಕ್ಕೆ ಹೆಜ್ಜೆ ಬರೆಯೋದು ಮರ್ತಿದ್ರಿ. ತುಂಬಿಸ್ದೆ."

"ಮರ್ತಿರ್ಲಿಲ್ಲ. ನಿಲ್ಲಬೇಕು ಅಂತ ಬರ್ದಿದ್ದೆ. ಓದೋಕೆ ಬರತ್ತಲ್ಲ ನಿಮಗೆ?"

"ಜನ ಬರೋದು ಕುಣಿಯೋಕೆ ನೆಟ್ಟಾ, ಬಸ್ಸಿಗೆ ಕಾಯೋಕಲ್ಲ. ಬೆಕ್ಕು ಅಂದ್ರೆ ಮುದ್ದಾಗಿರ್ಬೇಕು."

"ಮುದ್ದು ನಿಮಗೆ, ನೋವು ಅದಕ್ಕೆ. ಆ ಎರಡು ಆವರ್ತ ವಾಪಸ್ ಕೊಡಿ, ಇಲ್ಲಾ ನನ್ನ ಹೆಸರು ತೆಗೀರಿ."

"ಅಚ್ಚಾಗಿ ಹೋಯ್ತಲ್ಲ! ಇಷ್ಟು ಸಣ್ಣ ವಿಷಯಕ್ಕೆ..."

ಬೇರೊಬ್ಬರ ಜಾಮಿಗೆ ಸಕ್ಕರೆ ಸುರಿದು, ಅವರ ಹೆಸರಿನ ಚೀಟಿಯನ್ನೇ ಅಂಟಿಸುವುದಕ್ಕೆ ಕಾರ್ಖಾನೆಯಲ್ಲಿ ಕಲಬೆರಕೆ ಎನ್ನುತ್ತಿದ್ದರು.

ಕೂಟದ ದಿನ ನಿವೃತ್ತ ಅಂಚೆಯವ ಡೇವಿಯನ್ನು ಜೊತೆಗೆಳೆದು ಮೊದಲ ಸಾಲಿನ ತಲೆಯಲ್ಲಿ ನಿಂತಳು.

"ನಾನು ನಿಂತಾಗ ನೀನೂ ನಿಂತ್ಕೋ."

"ಮರೆತುಬಿಟ್ರು ಅಂತಾರೆ ಮಾರಾಯ್ತಿ!"

"ಅನ್ನಲಿ."

"ನನ್ನ ಮಂಡಿಗೂ ಅದೇ ಬೇಕಿತ್ತು ಬಿಡು."

ಅಕಾರ್ಡಿಯನ್ ಶುರುವಾಯಿತು. ಆ ಜಾಗ ಬಂದಾಗ ಇಬ್ಬರೂ ಕಂಬದಂತೆ ನಿಂತರು. ಪಕ್ಕದ ಸಾಲಿನಿಂದ ಯಾರೋ "ಹೆಜ್ಜೆ ಹಾಕು ನೆಟ್ಟಾ!" ಎಂದು ಪಿಸುಗುಟ್ಟಿದರು. ಇನ್ನೊಬ್ಬಳು ನಕ್ಕಳು: "ತಾನೇ ಕಟ್ಟಿದ್ದು ತನಗೇ ನೆನಪಿಲ್ಲ!" ನೆಟ್ಟಾಳ ಮುಖ ಕೆಂಡವಾಯಿತು. ಕಾಲು ಅಲುಗಲಿಲ್ಲ. ಎರಡನೆಯ ಸುತ್ತಿನಲ್ಲೂ ನಿಂತಳು. ಮುಂದಾಳಾಗುವ ಸರದಿ ಬಂದಾಗ ಅವಳ ಸಾಲಿನ ಬೇಕರಿಯವನೂ ಅವನ ಹೆಂಡತಿಯೂ, ಕಂಡದ್ದನ್ನೇ ಮಾಡಿ, ನಿಂತರು. ಓಗಿಲ್ವಿಯ ಸಾಲು ಮಾತ್ರ ಕೊನೆಯವರೆಗೂ ಕುಪ್ಪಳಿಸಿತು.

ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. "ಇನ್ನೊಂದ್ಸಲ!" ಎಂದು ಹಾಲ್ ಕೂಗಿತು. ಹಾಗೆ ಕೇಳಿದರೆ ಮತ್ತೆ ಕುಣಿಯುವುದು ಅಲ್ಲಿನ ರೂಢಿ. ಹೆಜ್ಜೆಗಳನ್ನು ಇನ್ನೊಮ್ಮೆ ಹೇಳಲು ಓಗಿಲ್ವಿ ನಗುತ್ತ ಮೈಕು ಹಿಡಿದ.

"ನಿಲ್ಲೋದಾದ್ರೆ ಕುಣೀರಿ," ನೆಟ್ಟಾ ಹಾಲ್‌ನ ನಡುವಿನಿಂದಲೇ ಹೇಳಿದಳು. "ಇಲ್ಲಾಂದ್ರೆ ಬೇರೆ ಯಾವುದಾದ್ರೂ ಕುಣೀರಿ. ಇದು ನಂದು."

ಅಕಾರ್ಡಿಯನ್ನಿನವನು ಬಾರಿಸದೆ ಕಾದ.

"ಹದಿನೇಳು, ಹದಿನೆಂಟನೇ ಆವರ್ತ," ಓಗಿಲ್ವಿ ಕೆಮ್ಮಿದ, "ನಿಲ್ಲೋದು."

ಈ ಸಲ ಎಲ್ಲ ಸಾಲುಗಳ ಮುಂದಾಳುಗಳೂ ನಿಂತರು, ಅವನೂ.

ನೆಟ್ಟಾ ಅವನಿಗೆ ಕೃತಜ್ಞತೆ ಹೇಳಲಿಲ್ಲ. ತನ್ನದನ್ನು ತನಗೆ ಹಿಂದಿರುಗಿಸಿದವರಿಗೆ ಕೃತಜ್ಞತೆ ಏಕೆ? ಸೋಮವಾರ ಶಾಖೆಗೆ ಪತ್ರ ಬರೆದಳು: ಹಾಳೆಯನ್ನು ತಿದ್ದಿ, ಮತ್ತೆ ಅಚ್ಚು ಹಾಕಿಸಿ.