ಇಲ್ಲದ ಕಚೇರಿಗೆ ಒಂದು ಅರ್ಜಿ

ಕೇಳ್ರಪ್ಪಾ ಎಲ್ಲರೂ, ಇವತ್ತು ಹರಿಹರದ ತಾಲ್ಲೂಕು ಕಚೇರಿ ಮುಂದೆ ನಾನು ಅರ್ಜಿ ಬರೆಯೋ ಮೇಜಿಗೆ ಊರುಗೋಲು ಒರಗಿಸಿ ನಸೀಮಾ ಅನ್ನೋ ಹೆಣ್ಣುಮಗಳು ಕೂತಳು. ಹೊಲಿಗೆಯಾಕೆ. ಮಂಡಿಪೇಟೆಯ ಬಟ್ಟೆ ಅಂಗಡಿಯವನು ಫೋನಿನಲ್ಲಿ ಕೆಲಸಕ್ಕೆ ಬಾ ಅಂದು, ಎದುರಿಗೆ ನೋಡಿದ ಮೇಲೆ ಬ್ಯಾಡ ಅಂದನಂತೆ.

“ಯಾರಿಗೆ ಬರೀಲವ್ವಾ? ಹೆಣ್ಣು ಅಂತ ಬ್ಯಾಡ ಅಂದಿದ್ರೆ ಒಂದು ಆಯೋಗ, ಮುಸ್ಲಿಂ ಅಂತಾದ್ರೆ ಇನ್ನೊಂದು, ಕಾಲಿನ ಸಲುವಾಗಿ ಆದ್ರೆ ಮತ್ತೊಂದು ಕಚೇರಿ. ಮಾನವ ಹಕ್ಕಿಗೆ ಬ್ಯಾರೇನೇ ಐತೆ.”

“ಅವನು ನನ್ನ ಇಡಿಯಾಗಿ ನೋಡಿ ಬ್ಯಾಡ ಅಂದ, ಅಜ್ಜಾರೇ. ಜಂಪರ್ ಹೊಲಿಸೋಕೆ ಬಂದೋರಿಗೆ ತೋಳು ಇಲ್ಲಿ, ಕೊರಳು ಮುಂದಿನ ಓಣಿಯಾಗೆ ಅಂತೀನೇನ್ರಿ ನಾನು? ಎಲ್ಲಾದಕ್ಕೂ ಒಂದೇ ಕಡೆ ಬರೀರಿ.”

“ಎಲ್ಲಾ ಕೂಡಿ ಒಂದೇ ಕಚೇರಿ ಅನ್ನೋದು ದೇಶದಾಗೆ ಇಲ್ಲವ್ವಾ.”

“ಹಂಗಾದ್ರೆ ಅದನ್ನ ಮಾಡ್ರಿ ಅಂತ ಸರ್ಕಾರಕ್ಕೆ ಮೊದ್ಲು ಬರೀರಿ. ಆಮೇಲೆ ನನ್ನ ಕೆಲಸದ್ದು.”

ಕೆಲಸ ಕೈತಪ್ಪಿದ ಹೆಣ್ಣುಮಗಳು ಇಡೀ ದೇಶಕ್ಕೆ ಬೇಕಾದ ಕಚೇರಿಯ ಅಳತೆ ಹೇಳುತ್ತಾ ಕೂತಿದ್ದಳು! ಹೇಳಿದಂಗೆ ಬರೆದೆ. ಬೇರೆಯವರ ಅರ್ಜಿಗೆ ನಾನು ಯಾವತ್ತೂ ಸಹಿ ಹಾಕಿದವನಲ್ಲ. ಇವತ್ತು ಆಕೆಯ ಸಹಿಯ ಕೆಳಗೆ ನನ್ನದೂ ಹಾಕಿದೆ. ಅರ್ಜಿ ಬರೆಸೋಕೆ ಪಾಳಿಯಲ್ಲಿ ನಿಂತಿದ್ದವರು “ನಾವೂ ಸಹಿ ಹಾಕ್ತೀವಿ, ಪೆನ್ನು ಕೊಡ್ರಿ” ಅಂದರು.

ಊಟದ ಹೊತ್ತಾದರೂ ಪೆನ್ನು ನನ್ನ ಕೈಗೆ ವಾಪಸ್ ಬರಲಿಲ್ಲ ನೋಡ್ರಿ.